ಒಂದು ಇಂಜಿನ್ ಆರಿಸಿ ಕಾದ ಬೆಳಗು

ಆಕಾಶದಲ್ಲಿ ಕಾಯುವುದು ಪುಕ್ಕಟೆಯಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಯುವವನು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತ ಕಾಯಬಹುದು. ಜೆಟ್ ವಿಮಾನದವನು ಕಾಯಬೇಕೆಂದರೂ ಓಡುತ್ತಲೇ ಇರಬೇಕು, ಓಡುವಷ್ಟು ಹೊತ್ತೂ ಎಣ್ಣೆ ಸುಡುತ್ತಲೇ ಇರಬೇಕು. ಎಣ್ಣೆ ಮುಗಿದರೆ ಕಾಯುವುದೂ ಮುಗಿಯಿತು. ಅದಕ್ಕೇ ಕಡಿಮೆ ಎಣ್ಣೆಯಲ್ಲಿ ಹೆಚ್ಚು ಹೊತ್ತು ಮೇಲೆ ನಿಲ್ಲುವುದು ನಮ್ಮ ವಾಯುಪಡೆಯ ಕೆಲಸದಲ್ಲಿ ಒಂದು ಪ್ರತ್ಯೇಕ ವಿದ್ಯೆ. ಆ ವಿದ್ಯೆಯಲ್ಲಿ ನಾನು ಸ್ಕ್ವಾಡ್ರನ್ನಿಗೇ ಹೆಸರಾದವನು. ಜಂಬಕ್ಕೆ ಹೇಳುತ್ತಿಲ್ಲ, ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಹೆಸರನ್ನು ಊರೆಲ್ಲ ಸಾರಿದವನು ಮುಧೋಳದವ. ಒಂದೇ ಸ್ಕ್ವಾಡ್ರನ್ನಿನಲ್ಲಿ ಒಂದೇ ಸೀಮೆಯ ಇಬ್ಬರು ಬೀಳುವುದು ಅಪರೂಪ. ನಾನು ಬನಹಟ್ಟಿಯವನು, ಅವನು ಮುಧೋಳದವನು. ನಮ್ಮ ನಿಜವಾದ ಹೆಸರುಗಳನ್ನು ನಾವಿಬ್ಬರೂ ಎಂದೋ ಬಿಟ್ಟಿದ್ದೆವು. ಅವನು ನನಗೆ ಮುಧೋಳ, ನಾನು ಅವನಿಗೆ ಬನಹಟ್ಟಿ. ಇಳಿದ ಮೇಲೆ ನನ್ನ ಟ್ಯಾಂಕಿನಲ್ಲಿ ಎಲ್ಲರಿಗಿಂತ ಹೆಚ್ಚು ಎಣ್ಣೆ ಉಳಿದಿದ್ದರೆ ಅವನದು ಒಂದೇ ಹಾಡು: "ಬನಹಟ್ಟಿ ಮಂದಿ ನೂಲಿನ ಎಳಿ ಎಣಿಸಿದಂಗ ಎಣ್ಣಿ ಎಣಿಸ್ತಾರ ನೋಡ್ರಿ." ನಾನು ಬಿಡುತ್ತಿದ್ದೆನೇ? "ನಿಮ್ಮೂರ ಬ್ಯಾಟಿ ನಾಯಿಗೂ ಬರೇ ಓಡೂದು ಗೊತ್ತು, ನಿಲ್ಲೂದು ಗೊತ್ತಿಲ್ಲ" ಅನ್ನುತ್ತಿದ್ದೆ. ಅವನು ನಿಜಕ್ಕೂ ಹಾಗೆಯೇ ಹಾರುತ್ತಿದ್ದ. ಚೆಂದ ಹಾರುತ್ತಿದ್ದ, ದುಂದು ಮಾಡುತ್ತಿದ್ದ.

ಅದೊಂದು ಚಳಿಗಾಲದ ಬೆಳಗು. ಎರಡು ವಿಮಾನ, ಒಂದೊಂದರಲ್ಲಿ ಒಬ್ಬೊಬ್ಬರು, ಒಂದೊಂದಕ್ಕೆ ಎರಡೆರಡು ಇಂಜಿನ್. ನಾನು ಮುಂದಾಳು, ಅವನು ನನ್ನ ಬಲಕ್ಕೆ, ತುಸು ಹಿಂದೆ. ಕೆಳಮಟ್ಟದಲ್ಲಿ ದಾರಿ ತಪ್ಪದೆ ಹಾರುವ ಅಭ್ಯಾಸ. ನಕ್ಷೆಯ ಮೇಲೆ ಯಾರೋ ಎಳೆದ ಗೆರೆ ರಬಕವಿ-ಬನಹಟ್ಟಿಯ ಮೇಲಿಂದ ಬಂದು, ಮುಧೋಳದ ಹತ್ತಿರ ಘಟಪ್ರಭೆಯನ್ನು ಮುಟ್ಟಿ, ಬೀಳಗಿಯ ಬಡಗಣ ದಿಕ್ಕಿಗೆ ಕೃಷ್ಣೆಯ ಹಿನ್ನೀರಿನ ಕಡೆ ಹೋಗುತ್ತಿತ್ತು. ನಮಗೆ ಅದು ತವರಿಗೆ ಹೋಗಿಬಂದಷ್ಟು ಖುಷಿ. ತಿಮ್ಮಾಪುರದ ನಾಯಿ ಸಾಕುವ ಕೇಂದ್ರ ಎಡಕ್ಕೆ ಕಂಡಾಗ ರೇಡಿಯೋದಲ್ಲಿ ಅವನ ದನಿ ಬಂತು:

"ಏ ಬನಹಟ್ಟಿ, ಕೆಳಗ ನಮ್ಮ ಬೀಗರು ಅದಾರ. ಸಾವಕಾಶ ಹೋಗು, ಹೆದರ್ತಾವ."

ರೇಡಿಯೋದಲ್ಲಿ ಹೀಗೆಲ್ಲ ಮಾತಾಡಬಾರದು. ಅವತ್ತು ಆ ತರಂಗದಲ್ಲಿ ನಾವಿಬ್ಬರೇ ಇದ್ದೆವು.

ಚಳಿಗಾಲದಲ್ಲಿ ಹಿನ್ನೀರಿಗೆ ದೂರದೇಶದ ದೊಡ್ಡ ಬಾತುಗಳು ಬಂದಿಳಿಯುತ್ತವೆ. ಬೆಳಗಿನ ಹೊತ್ತು ಹಿಂಡುಹಿಂಡಾಗಿ ಎದ್ದು ಹೊಲಗಳಿಗೆ ಮೇಯಲು ಹೋಗುತ್ತವೆ. ಅದು ನಮಗೆ ಗೊತ್ತಿತ್ತು, ಅದಕ್ಕಾಗಿಯೇ ನೀರು ಕಾಣುವ ಮೊದಲೇ ಎತ್ತರ ಹೆಚ್ಚಿಸಿದ್ದೆವು. ಬಾತುಗಳೂ ಅವತ್ತು ಎತ್ತರಕ್ಕೇ ಎದ್ದಿದ್ದವು. ಒಂದು ಕಪ್ಪು ಗೆರೆ ನನ್ನ ಬಲಕ್ಕೆ ಸರ್ರನೆ ಹಾದುಹೋಯಿತು. ನನಗೆ ಒಂದೂ ತಾಗಲಿಲ್ಲ.

"ಎರಡೂ ಇಂಜಿನ್ ಹೋದುವಲೇ," ಅಂದ ಮುಧೋಳದವ. ದನಿಯಲ್ಲಿ ಗಾಬರಿ ಇರಲಿಲ್ಲ, ಬೇಜಾರಿತ್ತು. ತಿರುಗಿ ನೋಡಿದಾಗ ಅವನ ವಿಮಾನದ ಹಿಂದೆ ಬೆಂಕಿಯ ಬಾಲ. ಉಳಿದಿದ್ದ ವೇಗದಲ್ಲಿ ಅವನು ಮೂಗನ್ನು ಮೇಲೆತ್ತಿದ, ಎದುರಿಗಿದ್ದ ಊರಿನಿಂದ ಆಚೆ ತಿರುಗಿಸಿದ, ಆಮೇಲೆ ಆಸನದ ಸಮೇತ ಹೊರಕ್ಕೆ ಸಿಡಿದ. ವಿಮಾನ ಹಿನ್ನೀರಿನ ದಂಡೆಯ ಕಬ್ಬಿನ ಹೊಲದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಪಡದಲ್ಲಿ, ಬಿತ್ತು. ಪ್ಯಾರಾಚೂಟು ಬಿಚ್ಚಿ, ಒಂದೆರಡು ಸಲ ತೂಗಿ, ಹೊಗೆಯಾಚೆ ಇಳಿಯಿತು.

ನಾನು ತಿರುಗಿ ಕೆಳಗಿಳಿದು ಒಂದು ಸಲ ಅದರ ಮೇಲೆ ಹಾದೆ. ಆಳೆತ್ತರ ಮೀರಿ ಬೆಳೆದ ಕಬ್ಬಿನ ಮೇಲೆ, ಒಗೆದು ಹರವಿದ ಧೋತರದ ಹಾಗೆ, ಬಟ್ಟೆ ಬಿದ್ದಿತ್ತು. ಪಕ್ಕದಲ್ಲಿ ಕಾಲುವೆಯ ತಿರುವು, ನೀಲಿ ತಗಡಿನ ಪಂಪಿನ ಮನೆ. ಜಾಗದ ಗುರುತನ್ನು ಯಂತ್ರದಲ್ಲಿ ಒತ್ತಿ ಇಟ್ಟುಕೊಂಡು ನಮ್ಮ ವಾಯುನೆಲೆಗೆ ತಿಳಿಸಿದೆ. ಜನ ಕಾಣಿಸಿದರು, ಎಲ್ಲರೂ ವಿಮಾನ ಬಿದ್ದು ಹೊಗೆಯೆದ್ದ ಕಡೆ ಓಡುತ್ತಿದ್ದರು. ಕಬ್ಬಿನ ಸೀಮೆಯಲ್ಲಿ ಹುಟ್ಟಿದವನಿಗೆ ಇದು ಬಿಡಿಸಿ ಹೇಳಬೇಕಾದದ್ದಲ್ಲ. ಪಡಕ್ಕೆ ಬೆಂಕಿ ಬಿದ್ದರೆ ಯಾರ ಪಡ ಎಂದು ಯಾರೂ ಕೇಳುವುದಿಲ್ಲ, ಊರಿಗೆ ಊರೇ ಕುಡುಗೋಲು ಹಿಡಿದು ಓಡುತ್ತದೆ, ಬೆಂಕಿಯ ದಾರಿಗೆ ಅಡ್ಡ ಕಬ್ಬು ಕಡಿದು ಬಯಲು ಮಾಡುತ್ತದೆ.

ಅಷ್ಟರಲ್ಲಿ ತುರ್ತಿನ ತರಂಗದಲ್ಲಿ, ಜಾಕೀಟಿನೊಳಗಿನ ಚಿಕ್ಕ ರೇಡಿಯೋದಿಂದ, ಅವನ ದನಿ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ಮಂಜಾದವು.

"ಬನಹಟ್ಟಿ, ಕೇಳಸ್ತೈತೇನಲೇ?"

"ಕೇಳಸಾಕತ್ತೈತಿ, ಹೇಳು. ಹೆಂಗದೀ?"

"ಜೀವಂತ ಅದೀನಿ. ಹೊರಗ ಬರುವಾಗ ಗಾಜಿನ ಚೂರು ತೊಡಿ ಸೀಳೈತಿ. ರಕ್ತ ಭಾಳ ಹೊಂಟೈತಿ. ಬಲಗೈ ಏಳವಲ್ದು, ಮುರದಂಗ ಕಾಣಸ್ತೈತಿ."

"ಪ್ಯಾರಾಚೂಟಿನ ಹಗ್ಗ ತಗೊಂಡು ತೊಡಿ ಬಿಗದು ಕಟ್ಟು."

"ಕಟ್ಟೀನಿ. ಒಂದು ಕೈಲೆ ಎಷ್ಟ ಬಿಗಿ ಆಕ್ಕೈತಿ? ಸೋರಾಕತ್ತೈತಿ ಇನ್ನಾ."

ಅವನಿಗೆ ಬೇಕಾಗಿದ್ದದ್ದು ಎರಡು ಕೈ. ಯಾರದಾದರೂ ಎರಡು ಕೈ. ಅವು ಸಿಗುವವರೆಗೆ ಅವನ ಜೀವ ಆ ಸಡಿಲು ಗಂಟಿನಲ್ಲಿತ್ತು.

ನೆಲೆಯಿಂದ ಉತ್ತರ ಬಂತು: ಬೇರೊಂದು ಕಡೆಯಿಂದ ಹೆಲಿಕಾಪ್ಟರ್ ಹೊರಡುತ್ತಿದೆ, ಬರಲು ಗಂಟೆಯ ಮೇಲಾಗುತ್ತದೆ. ಪೊಲೀಸರಿಗೆ ಜಾಗ ತಿಳಿಸಲಾಗಿದೆ. ನನ್ನ ಬದಲಿಗೆ ಇನ್ನೊಂದು ವಿಮಾನ ಕಳಿಸಿ ಎಂದೆ. ನೆಲೆಯ ಮೇಲೆ ಮಂಜು ಇಳಿದಿದೆ, ಕರಗುವವರೆಗೆ ಯಾವುದೂ ಏಳುವಂತಿಲ್ಲ ಎಂದರು. ಅಂದರೆ ಮೇಲೆ ನಾನೊಬ್ಬನೇ. ಅವನ ಚಿಕ್ಕ ರೇಡಿಯೋದ ದನಿ ಕಬ್ಬು ದಾಟಿ ನೆಲದ ಮೇಲೆ ದೂರ ಹೋಗುವುದಿಲ್ಲ, ನೇರ ಮೇಲಿರುವವನಿಗೆ ಮಾತ್ರ ಮುಟ್ಟುತ್ತದೆ. ಹೆಲಿಕಾಪ್ಟರಿನವರಿಗೆ ಆ ಕಬ್ಬಿನ ಸಮುದ್ರದಲ್ಲಿ ಒಂದು ತುಂಡು ಬಟ್ಟೆಯನ್ನು ತೋರಿಸಿಕೊಡುವವನೂ ಮೇಲಿರಬೇಕು. ನಾನು ಹೊರಟುಹೋದರೆ ಅವನಿಗೆ ಲೋಕದ ಜೊತೆ ಮಾತೇ ನಿಂತಂತೆ.

ನೆಲೆಗೆ ಮರಳಲು ಬೇಕಾದಷ್ಟು ಎಣ್ಣೆ ಉಳಿಯುವ ಗುರುತಿಗೆ ನಾವು ಬಿಂಗೊ ಎನ್ನುತ್ತೇವೆ. ಎಣ್ಣೆಯ ಮುಳ್ಳು ಅಲ್ಲಿಗೆ ಬಂದರೆ ಕೆಳಗೆ ಯಾರೇ ಇರಲಿ, ಹೊರಡಬೇಕು. ಆಗ ಹಾರುತ್ತಿದ್ದ ಹಾಗೆಯೇ ಅವನ ತಲೆಯ ಮೇಲೆ ಬಿಗಿಯಾಗಿ ಸುತ್ತುತ್ತ ಇದ್ದರೆ ಹೆಲಿಕಾಪ್ಟರ್ ಅರ್ಧದಾರಿಗೆ ಬರುವ ಮೊದಲೇ ನನ್ನ ಮುಳ್ಳು ಆ ಗುರುತಿಗೆ ಬರುತ್ತಿತ್ತು. ಸರಿ, ನನ್ನ ವಿದ್ಯೆ ಬಿಚ್ಚಿದೆ.

ಮೊದಲು ಏರಿದೆ. ಕೆಳಗಿನ ದಪ್ಪ ಗಾಳಿಯಲ್ಲಿ ಜೆಟ್ ಇಂಜಿನ್ ಕುಡಿಯುವಷ್ಟು ತೆಳುಗಾಳಿಯಲ್ಲಿ ಕುಡಿಯುವುದಿಲ್ಲ. ಏರಲು ಎಣ್ಣೆ ಖರ್ಚಾಗುತ್ತದೆ, ಆದರೆ ಕಾಯುವುದು ಬಹಳ ಹೊತ್ತಿದ್ದರೆ ಆ ಖರ್ಚು ಮೈಗೆ ಹತ್ತುತ್ತದೆ. ಆಮೇಲೆ ವೇಗ ಇಳಿಸಿದೆ. ಹೊಸಬರು ಇಲ್ಲಿ ತಪ್ಪುತ್ತಾರೆ, ನಿಧಾನವಾದಷ್ಟೂ ಉಳಿತಾಯ ಅಂದುಕೊಳ್ಳುತ್ತಾರೆ. ತೀರಾ ನಿಧಾನವಾದರೆ ವಿಮಾನ ಮೂಗೆತ್ತಿಕೊಂಡು ಗಾಳಿಯನ್ನು ಎದೆಯಿಂದ ನೂಕುತ್ತ ಹೋಗಬೇಕು, ಆಗ ಇನ್ನೂ ಹೆಚ್ಚು ಸುಡುತ್ತದೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲದ ಒಂದು ವೇಗ ಇದೆ; ಅಲ್ಲಿಗೆ ತಂದು, ಥ್ರಾಟಲ್‌ನಿಂದ ಕೈ ತೆಗೆದು, ಅದರ ಪಾಡಿಗೆ ಬಿಡಬೇಕು.

ಮೂರನೆಯದು ತಿರುವು. ರೆಕ್ಕೆ ವಾಲಿಸಿದಷ್ಟೂ ವಿಮಾನ ಭಾರವಾಗುತ್ತದೆ, ಭಾರವಾದಷ್ಟೂ ಕುಡಿಯುತ್ತದೆ. ಆದ್ದರಿಂದ ಎಣ್ಣೆ ಉಳಿಸುವವನು ದುಂಡಗೆ ಸುತ್ತುವುದಿಲ್ಲ. ಉದ್ದಕ್ಕೆ ನೇರ ಹೋಗಿ, ತುದಿಯಲ್ಲಿ ಹಗುರಾಗಿ ಹೊರಳಿ, ಉದ್ದಕ್ಕೆ ನೇರ ಮರಳುತ್ತಾನೆ. ಅದರ ಆಕಾರ ಎತ್ತಿನ ಗಾಡಿಯ ಚಕ್ರದ್ದಲ್ಲ, ಎಳೆದು ಹಿಗ್ಗಿಸಿದ ಬಳೆಯದು. ಆ ಬಳೆಯ ಪೂರ್ವದ ತುದಿಯನ್ನು ಮುಧೋಳದವನ ಸುತ್ತ ಇಟ್ಟುಕೊಂಡೆ, ಅಲ್ಲಿ ಹೊರಳುವಾಗ ಎಡರೆಕ್ಕೆ ತಗ್ಗಿ ಬಟ್ಟೆಯ ಚುಕ್ಕೆ ಕಾಣುತ್ತಿತ್ತು. ಇನ್ನೊಂದು ತುದಿಯನ್ನು ಪಶ್ಚಿಮಕ್ಕೆ, ಜಮಖಂಡಿಯ ಕಡೆಗೆ ಚಾಚಿದೆ, ಆ ಕಡೆ ಹೋದಾಗ ನೆಲೆಯ ದನಿ ಸ್ಪಷ್ಟವಿರುತ್ತಿತ್ತು. ಪುಸ್ತಕದಲ್ಲಿ ಬರೆದಂತೆಯೇ, ಒಂದು ಕೂದಲೆಳೆ ತಪ್ಪಿರಲಿಲ್ಲ.

ರೆಕ್ಕೆಯ ಕೆಳಗಿನ ಖಾಲಿ ಟ್ಯಾಂಕುಗಳನ್ನು ಕಳಚಿ ಚೆಲ್ಲಿದ್ದರೆ ಇನ್ನಷ್ಟು ಹಗುರಾಗುತ್ತಿದ್ದೆ. ಕೆಳಗೆ ಕಬ್ಬು ಕಡಿಯಲು ಬಂದವರ ಗುಡಿಸಲುಗಳಿದ್ದವು. ಅದನ್ನು ಬಿಟ್ಟೆ.

ಇಷ್ಟೆಲ್ಲ ಮಾಡಿಯೂ ಲೆಕ್ಕ ಹಾಕಿದರೆ ಸಾಲುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ, ಒಂದು ಇಂಜಿನ್ ಆರಿಸುವುದು. ಸಣ್ಣ ಉರಿಯಲ್ಲಿ ಎರಡು ಒಲೆ ಹಚ್ಚಿಡುವುದಕ್ಕಿಂತ ಒಂದನ್ನೇ ಚೆನ್ನಾಗಿ ಉರಿಸಿದರೆ ಕಟ್ಟಿಗೆ ಉಳಿಯುತ್ತದೆ, ಇದೂ ಹಾಗೆ. ಅರೆನಿದ್ದೆಯಲ್ಲಿರುವ ಎರಡು ಇಂಜಿನ್ನು ಕುಡಿಯುವುದಕ್ಕಿಂತ ಎಚ್ಚರವಿರುವ ಒಂದು ಕಡಿಮೆ ಕುಡಿಯುತ್ತದೆ. ಆದರೆ ನಮ್ಮ ವಿಮಾನದಲ್ಲಿ ಬೇಕೆಂದು ಇಂಜಿನ್ ಆರಿಸುವ ರೂಢಿ ಇಲ್ಲ. ಆರಿಸಿದ್ದು ಮತ್ತೆ ಹೊತ್ತದಿದ್ದರೆ? ಉಳಿದದ್ದು ಕೆಮ್ಮಿದರೆ? ನೆಲೆಯವರು ಬೇಡ ಎಂದರು. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಬೇಡ ಎಂದರು. ನಾನು ಮುಧೋಳದವನನ್ನು ಕೇಳಿದೆ.

"ಒಂದು ಆರಿಸ್ತೀನಿ ಲೇ."

"ಹುಚ್ಚಗಿಚ್ಚ ಹಿಡದೈತೇನು? ನೀನೂ ಬಿದ್ದಿ ಅಂದ್ರ ಇಬ್ಬರೂ ಹಿನ್ನೀರಾಗ ಮೀನ ಹಿಡಕೋತ ಕೂಡಬೇಕಾಕ್ಕೈತಿ." ಆಮೇಲೆ ಕೇಳಿದ: "ಆರಿಸಿದ್ರ ಎಷ್ಟೊತ್ತು ಇರ್ತಿ?"

"ಹೆಲಿಕಾಪ್ಟರ್ ಬರೂತನಾ ಇರ್ತೀನಿ."

"ಹಂಗಾದ್ರ ಆರಸು," ಅಂದ.

ಬಲಗಡೆಯದನ್ನು ಆರಿಸಿದೆ. ಕಿವಿಗೆ ಹತ್ತಿಕೊಂಡಿದ್ದ ಸದ್ದಿನಲ್ಲಿ ಅರ್ಧ ಇಲ್ಲವಾಯಿತು. ಎರಡೂ ಕಡೆಯ ಟ್ಯಾಂಕಿನಿಂದ ಒಂದೇ ಇಂಜಿನ್ ಕುಡಿಯುವಂತೆ ಅಡ್ಡಕವಾಟ ತೆರೆದೆ. ಇಲ್ಲದಿದ್ದರೆ ಒಂದು ಕಡೆ ಬರಿದಾಗಿ ವಿಮಾನ ವಾಲುತ್ತದೆ. ಒಂಟಿ ಇಂಜಿನ್ ಆ ಎತ್ತರವನ್ನು ಹಿಡಿದಿಡಲಾರದು, ನಿಧಾನವಾಗಿ ಇಳಿಯಬಿಟ್ಟು ನಡುವಿನ ಒಂದು ಎತ್ತರದಲ್ಲಿ ನಿಲ್ಲಿಸಿದೆ. ಎಣ್ಣೆಯ ಮುಳ್ಳು ಈಗ ತೆವಳತೊಡಗಿತು. ನೆಲೆಯವರಿಗೆ ಆರಿಸಿದೆ ಎಂದು ಹೇಳಿದೆ. ಆ ಕಡೆಯಿಂದ ಸರಿ ಎಂಬ ಒಂದೇ ಮಾತು ಬಂತು.

ಕೆಳಗಿನವನು ಮಾತಾಡುತ್ತಲೇ ಇದ್ದ. ಮಾತಾಡು ಎಂದು ನಾನೇ ಹೇಳಿದ್ದೆ, ಎಚ್ಚರ ತಪ್ಪಬಾರದೆಂದು. ಹೊಗೆಯ ಗುರುತು ತೋರಿಸುವ ಬತ್ತಿ ಅವನ ಹತ್ತಿರ ಇತ್ತು, ಹಚ್ಚು ಎಂದೆ.

"ತಲಿ ಐತೇನ ನಿನಗ? ಸುತ್ತೆಲ್ಲಾ ಒಣಾ ರವದಿ. ಕಿಡಿ ಬಿತ್ತಂದ್ರ ಕಬ್ಬಿನ ಜೋಡಿ ನಾನೂ ಸುಡ್ತೀನಿ. ಕಾಲು ಬ್ಯಾರೆ ಏಳವಲ್ದು."

ಹೌದಲ್ಲ, ಒಣಗಿದ ಗರಿಯ ಹಾಸಿಗೆಯ ಮೇಲೆ ಮಲಗಿದವನಿಗೆ ಬೆಂಕಿ ಹಚ್ಚು ಎನ್ನುತ್ತಿದ್ದೇನೆ. ಪುಸ್ತಕ ಓದಿ ಓದಿ ನಾನು ಹೊಲ ಮರೆತಿದ್ದೆ. ಸೀಟಿ ಊದು ಎಂದೆ, ಊದಿದ. ಕಬ್ಬು ದನಿಯನ್ನು ನುಂಗುತ್ತದೆ, ಅದೂ ಅವನಿಗೆ ಗೊತ್ತಿತ್ತು.

ಪ್ರತಿ ಸುತ್ತಿಗೂ ಅವನು ಒಂದು ಮಾತು ಕೇಳುತ್ತಿದ್ದ. ತನ್ನ ಕಾಲಿನದಲ್ಲ, ಹೆಲಿಕಾಪ್ಟರಿನದೂ ಅಲ್ಲ. "ಎಣ್ಣಿ ಎಷ್ಟೈತಿ?" ನಾನು ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿ ಹೇಳುತ್ತಿದ್ದೆ. "ಛಲೋ ಜಿಪುಣ ಸಿಕ್ಕಿ ನನಗ," ಅನ್ನುತ್ತಿದ್ದ.

ಒಂದು ಸಲ ನಾನು ಪೂರ್ವಕ್ಕೆ ಬರುತ್ತಿದ್ದಾಗ ಅವನ ದನಿ ಎದ್ದು ನಿಂತಂತೆ ಕೇಳಿಸಿತು. "ಬನಹಟ್ಟಿ! ಮಂದಿ ಬರಾಕತ್ತಾರ! ಮಾತಾಡೂದು ಕೇಳಸ್ತೈತಿ, ಟ್ರ್ಯಾಕ್ಟರ್ ಸದ್ದೂ ಐತಿ. ನಮ್ಮ ಕಡೆ ಮಂದಿನ ಇವರು, ಬೈಗುಳದ ಮ್ಯಾಲಿಂದ ತಿಳೀತೈತಿ." ಇಬ್ಬರೂ ನಕ್ಕೆವು. ಕೂಗು, ಸೀಟಿ ಊದು, ಬಿಡಬೇಡ ಎಂದೆ. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಬೆಂಕಿ ಆರಿರಬೇಕು, ಈಗ ಮನುಷ್ಯನನ್ನು ಹುಡುಕುತ್ತಿದ್ದಾರೆ, ಎರಡಲ್ಲ ಇಪ್ಪತ್ತು ಕೈ ಸಿಗುತ್ತವೆ ಅವನಿಗೆ. ಪಶ್ಚಿಮಕ್ಕೆ ಹೋಗಿ ನೆಲೆಗೆ ಈ ಸುದ್ದಿ ಹೇಳಿದೆ, ಹಗುರಾಗಿ ಹೊರಳಿ ಮರಳಿದೆ.

ಮರಳುವಷ್ಟರಲ್ಲಿ ಅವನ ದನಿ ಇಳಿದಿತ್ತು.

"ಮಂದಿ ಹೊಂಟ್ರಲೇ."

"ಎಲ್ಲಿಗೆ?"

"ಗೊತ್ತಿಲ್ಲ. ಟ್ರ್ಯಾಕ್ಟರ್ ಸದ್ದು ದೂರ ಆಗಾಕತ್ತೈತಿ. ಎಷ್ಟ ಒದರಿದೆ, ಕೇಳಲಿಲ್ಲ ಅವರಿಗೆ. ಹೊಂಟೇ ಬಿಟ್ರು."

ಆ ಎತ್ತರದಿಂದ ಮನುಷ್ಯರು ಕಾಣುವುದಿಲ್ಲ. ರಸ್ತೆಗಳು ಕಂಡವು, ಎಲ್ಲ ರಸ್ತೆಯ ಮೇಲೂ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು. ಅದರಲ್ಲಿ ಯಾವುದು ಅವನಿಂದ ದೂರ ಹೋಗುತ್ತಿದ್ದದ್ದು ಎಂದು ಹೇಳುವುದು ಹೇಗೆ? ಪೊಲೀಸ್ ಜೀಪು ಆ ಸಾಲಿನ ಹಿಂದೆಯೇ ಸಿಕ್ಕಿಕೊಂಡಿದೆ ಎಂದು ನೆಲೆಯವರು ಹೇಳಿದರು. ಕೆಳಗೆ ಇಳಿದು ಜನರ ತಲೆಯ ಮೇಲೆ ಹಾರಿ ಕರೆತರಲೇ ಎಂದು ಯೋಚಿಸಿದೆ. ಒಂಟಿ ಇಂಜಿನ್ನಿನಲ್ಲಿ ಕೆಳಗೆ ಆಟ ಆಡುವಂತಿಲ್ಲ; ಎರಡೂ ಹಚ್ಚಿ ಕೆಳಗಿಳಿದರೆ ಉಳಿಸಿದ್ದೆಲ್ಲ ಅಲ್ಲಿಗೇ ಸರಿ, ಹೆಲಿಕಾಪ್ಟರ್ ಬರುವಾಗ ದಾರಿ ತೋರಿಸಲು ನಾನಿರುವುದಿಲ್ಲ. ಅವನನ್ನೇ ಕೇಳಿದೆ.

"ಬ್ಯಾಡ. ಮ್ಯಾಲೆ ಇರು," ಅಂದ. "ನೀ ಮಾತಾಡಿಕೋತ ಇರು, ಸಾಕು."

ಮಾತಾಡಿದೆ. ಏನು ಮಾತಾಡಿದೆನೋ! ಚಿಮ್ಮಡದಲ್ಲಿ ನಮ್ಮ ಕಾಕಾನ ಎಮ್ಮೆ ಬಾವಿಗೆ ಬಿದ್ದ ಕಥೆ, ಜಮಖಂಡಿಯ ಕಾಲೇಜಿನಲ್ಲಿ ನಾಟಕ ಮಾಡುವಾಗ ನನ್ನ ಮೀಸೆ ಕಳಚಿದ ಕಥೆ. ಮೊದಲು ಹ್ಞೂಂಗುಟ್ಟಿದ. ಆಮೇಲೆ ಗುಂಡಿ ಒತ್ತಿದ ಟಕ್ ಸದ್ದಷ್ಟೇ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ, ನಿದ್ದೆಯಿಂದ ಎದ್ದವನಂತೆ, ಕೇಳಿದ:

"ಎಣ್ಣಿ ಐತೇನಲೇ ಇನ್ನಾ?"

"ಐತಿ. ಭಾಳ ಐತಿ."

"ಛಲೋ ಆತು," ಅಂದ.

ಅದಾದ ಮೇಲೆ ಟಕ್ ಸದ್ದೂ ಬರಲಿಲ್ಲ. ನಾನು ಕರೆದೆ, ಬೈದೆ, ಅವರೂರ ನಾಯಿಗಳನ್ನೂ ಬೈದೆ. ಪೂರ್ವದ ತುದಿಯಲ್ಲಿ ರೆಕ್ಕೆ ತಗ್ಗಿಸಿದಾಗ ಬಟ್ಟೆಯ ಚುಕ್ಕೆ ಹಾಗೆಯೇ ಇತ್ತು. ಎಣ್ಣೆ ಇತ್ತು. ಅವತ್ತು ಎಣ್ಣೆ ಇದ್ದಷ್ಟು ಬೇರೆ ಏನೂ ಇರಲಿಲ್ಲ ನನ್ನ ಹತ್ತಿರ.

ಹೆಲಿಕಾಪ್ಟರಿನ ದನಿ ಕೇಳಿದಾಗ ಬಲ ಇಂಜಿನ್ ಹಚ್ಚಲು ಹೋದೆ, ಕೆಳಗಿಳಿದು ದಾರಿ ತೋರಿಸಬೇಕಿತ್ತು. ಆರಿದ ಇಂಜಿನ್ನಿಗೆ ಗಾಳಿ ಹೊಡೆಸಿ ತಿರುಗಿಸಬೇಕು, ಅದಕ್ಕೆ ಮೂಗು ತಗ್ಗಿಸಿ ಧುಮುಕಬೇಕು. ಮೊದಲ ಸಲ ಹೊತ್ತಲಿಲ್ಲ. ಉಷ್ಣದ ಮುಳ್ಳು ಸತ್ತಂತೆ ಬಿದ್ದಿತ್ತು. ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಇನ್ನೂ ಕೆಳಗೆ, ಇನ್ನೂ ಜೋರಾಗಿ ಧುಮುಕಿ ಎರಡನೆಯ ಸಲ ಒತ್ತಿದಾಗ ಹೊತ್ತಿತು. ಹೆಲಿಕಾಪ್ಟರನ್ನು ಕಾಲುವೆಯ ತಿರುವಿನಿಂದ ನೀಲಿ ತಗಡಿಗೆ, ತಗಡಿನಿಂದ ಬಟ್ಟೆಗೆ ಕರೆದೊಯ್ದೆ. ಒಬ್ಬ ಹಗ್ಗದಿಂದ ಇಳಿದ. ಅವನು ಏನು ಹೇಳುತ್ತಾನೆಂದು ಕೇಳಲು ನಾನು ಇರಲಾಗಲಿಲ್ಲ, ನನ್ನ ಮುಳ್ಳು ಗುರುತಿಗೆ ಬಂದಿತ್ತು. ಅವನು ಉಳಿಯಲಿಲ್ಲವೆಂದು ಅರ್ಧದಾರಿಯಲ್ಲಿ ನೆಲೆಯವರು ತಿಳಿಸಿದರು. ಮಂಜು ಕರಗಿತ್ತು. ಚೆನ್ನಾಗಿಯೇ ಇಳಿಸಿದೆ.

ಮುಧೋಳದಲ್ಲಿ ಅವನ ಮಣ್ಣಿಗೆ ಹೋದೆ, ಅದರ ಬಗ್ಗೆ ಬರೆಯಲಾರೆ. ಆಮೇಲೆ ವಿಚಾರಣೆ ನಡೆಯಿತು. ಇಂಜಿನ್ ಆರಿಸಿದ್ದಕ್ಕೆ ನನ್ನ ಮೇಲೆ ಏನೂ ಬರಲಿಲ್ಲ, ಬದಲಿಗೆ ಇಂಧನ ನಿರ್ವಹಣೆ ಶ್ಲಾಘನೀಯ ಎಂದರು. ಆ ಪದ ಕೇಳಿ ಮೈ ಉರಿಯಿತು. ಯಾರಾದರೂ ಎರಡು ಕೈಯಿಂದ ಬಿಗಿಯಾಗಿ ಒತ್ತಿ ಹಿಡಿದಿದ್ದರೆ ಹೆಲಿಕಾಪ್ಟರ್ ಬರುವವರೆಗೆ ಉಳಿಯುತ್ತಿದ್ದ ಎಂದು ವೈದ್ಯರು ಹೇಳಿದರು. ಅಷ್ಟು ಹತ್ತಿರ ಬಂದಿದ್ದ ಜನ ಯಾಕೆ ಹೊರಟುಹೋದರು ಎನ್ನುವುದು ಮಾತ್ರ ಯಾರಿಗೂ ತಿಳಿಯಲಿಲ್ಲ. ನನಗೆ ಅದೇ ಗುಂಗು. ಹುಡುಕದೆ ಬಿಟ್ಟರು ಎಂದು ಆ ಊರಿನವರ ಮೇಲೆ ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ರಜೆ ಸಿಕ್ಕಾಗ ಬೀಳಗಿಯ ಬಸ್ಸು ಹಿಡಿದೆ, ಅಲ್ಲಿಂದ ಆಟೋದಲ್ಲಿ ಆ ಊರಿಗೆ ಹೋದೆ. ಕಾಲುವೆಯ ದಂಡೆ ಹಿಡಿದು ನೀಲಿ ತಗಡಿನ ಪಂಪಿನ ಮನೆ ಮುಟ್ಟಿದೆ. ಕಬ್ಬು ಕಡಿದಾಗಿತ್ತು, ಕೂಳೆ ಹಸಿರು ಚಿಗುರುತ್ತಿತ್ತು. ಬಯಲಾದ ಹೊಲದಲ್ಲಿ ನಿಂತು ನೋಡಿದರೆ ಊರಿನ ಕೊನೆಯ ಮನೆಯ ಬಾಗಿಲು, ಬಾಗಿಲಲ್ಲಿ ಒಣಹಾಕಿದ ಮೆಣಸಿನಕಾಯಿ ಕಾಣುತ್ತಿದ್ದವು. ಅಷ್ಟು ಹತ್ತಿರ. ಬದುವಿನ ಮೇಲೆ ಕುಳಿತೆ.

ಹೊಲದ ಯಜಮಾನರು ನೀರು ತಿರುವುತ್ತಿದ್ದವರು ಸಲಿಕೆ ಹಿಡಿದೇ ಬಂದರು. ವಯಸ್ಸಾದವರು, ಗಟ್ಟಿ ಆಳು. ಯಾರು ಎಂದು ಕೇಳಿದರು. ಹೇಳಿದೆ: "ಅವತ್ತ ಮ್ಯಾಲೆ ಇದ್ದಾಂವ ನಾನ ರಿ ಕಾಕಾ." ಅವರು ಸಲಿಕೆ ಕೆಳಗಿಟ್ಟು ನನ್ನ ಎದುರಿಗೆ ಕುಳಿತರು. ನಾನು ಕೇಳುವ ಮೊದಲೇ ಶುರು ಮಾಡಿದರು, ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಿದ್ದರೇನೋ.

"ಛತ್ರಿ ಇಳದದ್ದು ನಾ ನೋಡಿದ್ದೆ ರಿ ಸಾಹೇಬ್ರ. ಹೊಗಿ ಇತ್ತು, ಪೂರಾ ಕಾಣಲಿಲ್ಲ, ಖರೆ ಇಲ್ಲೇ ನಮ್ಮ ಪಂಪಿನ ಮನಿ ಕಡೆ ಇಳದಂಗಾತು. ಬೆಂಕಿ ಆರಿಸಿದ್ವಿ, ಎಲ್ಲಾರೂ ಟ್ರ್ಯಾಕ್ಟರ್ ಹತ್ತಿ ಇತ್ತಾಗ ಬಂದ್ವಿ. ಮ್ಯಾಲೆ ನೋಡಿದ್ರ ನಿಮ್ಮ ವಿಮಾನ."

"ಹೌದ್ರಿ."

"ನಮ್ಮಲ್ಲಿ ದನಾ ಕಳದ್ರ ಹೆಂಗ ಹುಡುಕ್ತೀವಿ, ನಿಮಗ ಗೊತ್ತಿರಬೇಕು. ಹದ್ದು ಎಲ್ಲಿ ಸುತ್ತತೈತಿ ನೋಡೂದು. ಅದು ಸುತ್ತೂ ನಡಬರಕ, ಬರೋಬ್ಬರಿ ನಡುವ, ಕೆಳಗ ದನಾ ಬಿದ್ದಿರ್ತೈತಿ. ಎಂದೂ ತಪ್ಪೂದಿಲ್ಲ. ನಮ್ಮ ಮಂದಿ ಅಂದ್ರು, ವಿಮಾನದಾಂವ ತನ್ನ ಗೆಳೆಯಾನ ಮ್ಯಾಲೆ ಸುತ್ತಾಕತ್ತಾನ, ಅವಂಗ ಗೊತ್ತಿರೂದಿಲ್ಲೇನು? ನೀವು ಸುತ್ತೂದು ನೋಡಿದೆ. ಆ ಕಡಿ ಜಮಖಂಡಿ ಹಾದಿ, ಈ ಕಡಿ ನಮ್ಮೂರು. ನಡಬರಕ ಅಂದ್ರ ಮುಂದಿನ ಊರ ಹೊಲಾ ಬರ್ತಾವ. ಟ್ರ್ಯಾಕ್ಟರ್ ಹೊಳ್ಳಿಸಿಕೊಂಡು ಅಲ್ಲಿ ಹೋದ್ವಿ. ಆ ಊರ ಮಂದಿನೂ ಕೂಡಿದ್ರು. ಒಂದೊಂದು ಪಡಾ ಹೊಕ್ಕು ಹೊಕ್ಕು ನೋಡಿದ್ವಿ ರಿ. ಗರಿ ಕೊಯ್ದು ಮೈಯೆಲ್ಲಾ ರಕ್ತ ಆಗಿತ್ತು." ಅವರು ತಮ್ಮ ಮುಂಗೈ ನೋಡಿಕೊಂಡರು. "ನನ್ನ ಕಣ್ಣ ನಾ ನಂಬಲಿಲ್ಲ ನೋಡ್ರಿ. ನಂಬಿದ್ದರ ಸಿಗತಿದ್ದ ಹುಡುಗ. ಊಟಕ್ಕ ಕುಂತ್ರ ತುತ್ತು ಇಳಿಯೂದಿಲ್ಲ."

ಹಿಗ್ಗಿಸಿದ ಬಳೆ, ಹಗುರಾದ ತಿರುವು, ಕೂದಲೆಳೆ ತಪ್ಪದ ಉಳಿತಾಯ. ಅದನ್ನು ಕೆಳಗಿನಿಂದ ಯಾರಾದರೂ ಓದುತ್ತಾರೆ ಎನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇವತ್ತು ಹೊಸಬರಿಗೆ ಹೇಳಿಕೊಡುವಾಗ, ಕೆಳಗಿನವರಿಗೆ ಮೊದಲು ದುಂಡಗೆ ಸುತ್ತಿ ತೋರಿಸು, ಆಮೇಲೆ ಉಳಿಸು ಎನ್ನುತ್ತೇನೆ. ಅವತ್ತು ಆ ಮುದುಕರ ಎದುರಿಗೆ ಕುಳಿತವನಿಗೆ ಅದೆಲ್ಲ ಏನೂ ಹೊಳೆಯಲಿಲ್ಲ. ಇವರ ಗಂಟಲಿನಿಂದ ಆ ತುತ್ತು ಇಳಿಯಬೇಕು, ಅಷ್ಟೇ ಅನ್ನಿಸಿತು.

"ಕಾಕಾ, ನಿಮ್ಮ ಕಣ್ಣಿಂದೂ ತಪ್ಪಿಲ್ಲ, ಕಾಲಿಂದೂ ತಪ್ಪಿಲ್ಲ," ಅಂದೆ. "ಎಣ್ಣಿ ಉಳಿಸಾಕ ನಾವು ದುಂಡಗ ಸುತ್ತೂದಿಲ್ಲ ರಿ, ಉದ್ದಕ ಹೋಗಿ ಬರ್ತೀವಿ. ಅಂವ ನಡಬರಕ ಇರಲಿಲ್ಲ, ತುದಿಯಾಗ ಇದ್ದ. ನೀವು ನಾ ತೋರಿಸಿದಲ್ಲೇ ಹುಡುಕಿದ್ರಿ. ತೋರಿಸಿದ್ದು ಬ್ಯಾರೆ ಕಡೆ ಇತ್ತು."

ಕಾಲುವೆಯ ನೀರು ಸಾಲು ತುಂಬಿ ಪಕ್ಕದ ಸಾಲಿಗೆ ಹರಿಯುತ್ತಿತ್ತು, ಅದನ್ನು ತಿರುವಲೂ ಅವರು ಏಳಲಿಲ್ಲ. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಸಾಹೇಬ್ರ ಎನ್ನುವುದನ್ನು ಬಿಟ್ಟರು.

"ಒಂದು ಮಾತು ಹೇಳು ತಮ್ಮಾ. ಮೊದಲ ಇತ್ತಾಗ ಬಂದಾಗ ನಾವು ಭಾಳ ಒದರಿದ್ವಿ. ನಮ್ಮ ದನಿ ಅವಂಗ ಕೇಳಿತ್ತೇನು?"

"ಕೇಳಿತ್ರಿ ಕಾಕಾ," ಅಂದೆ. "'ಮಂದಿ ಬರಾಕತ್ತಾರ, ನಮ್ಮ ಕಡೆ ಮಂದಿ' ಅಂದ. ನಕ್ಕ. ಭಾಳ ಖುಷಿ ಆಗಿತ್ತು ಅವಂಗ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅಷ್ಟರ ಕೇಳಿತಲ್ಲ, ಸಾಕು ಬಿಡು ಎಂದರು. ಚಾ ಕುಡಿದು ಹೋಗು ಎಂದು ಮನೆಗೆ ಕರೆದರು. ನಕ್ಕಾದ ಮೇಲೆ ಮುಧೋಳದವ ಹೇಳಿದ 'ಮಂದಿ ಹೊಂಟ್ರಲೇ' ಎಂಬ ಮಾತನ್ನು ನಾನು ಅವರಿಗೆ ಹೇಳಲಿಲ್ಲ.